ಆಟದ ಸರ್ವರ್‌ಗೆ ತಿದ್ದುಪಡಿ ಕಳಿಸುವವರಿಗೆ

ಬಳಗದ ಹುಬ್ಬಳ್ಳಿ-ಧಾರವಾಡದ ಗೆಳೆಯರೇ, ಲುವಾಂಟಿ ಎಂಬ, ಚೌಕಗಳಿಂದ ಲೋಕ ಕಟ್ಟುವ ಮುಕ್ತ ತಂತ್ರಾಂಶದ ಆಟಕ್ಕೆ (2024ರವರೆಗೆ ಇದರ ಹೆಸರು ಮೈನ್‌ಟೆಸ್ಟ್) ದೋಷ ತಿದ್ದಿ ಕಳಿಸುವುದು ಹೇಗೆಂದು ಇಬ್ಬರು ಕೇಳಿದ್ದರು.

ಇದರ ಎಂಜಿನ್ (ಆಟವನ್ನು ನಡೆಸುವ ಮೂಲ ತಂತ್ರಾಂಶ) ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಆಟದ ನಿಯಮಗಳು ಲುವಾ ಎಂಬ ಇನ್ನೊಂದು ಭಾಷೆಯಲ್ಲಿವೆ. ಲುವಾದಿಂದಲೇ ಆರಂಭಿಸಿ. ಕಂಪೈಲ್ ಮಾಡುವ (ಕೋಡನ್ನು ಯಂತ್ರಭಾಷೆಗೆ ಪರಿವರ್ತಿಸುವ) ಕಾಟವಿಲ್ಲ, ಸರ್ವರ್ ಮರುಚಾಲನೆ ಮಾಡಿದರೆ ಬದಲಾವಣೆ ಕಾಣುತ್ತದೆ.

ಮೊದಲು ದೋಷವನ್ನು ಇತ್ತೀಚಿನ ಆವೃತ್ತಿಯಲ್ಲಿ ಮರಳಿ ಬರಿಸಿ ನೋಡಿ. ಒಬ್ಬರೇ ಆಡುವಾಗ ಅಡಗಿರುವ ಕೆಲವು ದೋಷಗಳು ಇಬ್ಬರು ಸೇರಿದಾಗಲೇ ಹೊರಬೀಳುತ್ತವೆ. ಆದ್ದರಿಂದ ಮನೆಯ ವೈಫೈಗೆ ಇನ್ನೊಂದು ಲ್ಯಾಪ್‌ಟಾಪ್ ಸೇರಿಸಿ. ಅದು ಸರ್ವರ್ ಸೇರುವ ಪೋರ್ಟ್ (ಜಾಲದ ದ್ವಾರಸಂಖ್ಯೆ), ನೀವು ಬದಲಿಸದಿದ್ದರೆ, 30000; ಅದೂ ಯುಡಿಪಿ, ಟಿಸಿಪಿ ಅಲ್ಲ (ಇವೆರಡೂ ಜಾಲದಲ್ಲಿ ದತ್ತಾಂಶ ಸಾಗಿಸುವ ಬೇರೆ ಬೇರೆ ವಿಧಾನಗಳು). (ನಾನು ಟಿಸಿಪಿ ತೆರೆದಿಟ್ಟು ಒಂದು ಭಾನುವಾರ ಕಳೆದುಕೊಂಡಿದ್ದೇನೆ.)

ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಈಗ ಕೆಟ್ಟಿದೆಯೇ? ಗಿಟ್‌ನ ಬೈಸೆಕ್ಟ್ ಆದೇಶ ಬಳಸಿ (ಗಿಟ್ ಎಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ). ಸಾವಿರ ಬದಲಾವಣೆಗಳ ನಡುವೆ ಕೆಡಿಸಿದ್ದು ಯಾವುದೆಂದು ಸುಮಾರು 10 ಪರೀಕ್ಷೆಗಳಲ್ಲಿ ಸಿಗುತ್ತದೆ, ಏಕೆಂದರೆ ಪ್ರತಿ ಹೆಜ್ಜೆಗೂ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಆ ಬದಲಾವಣೆಗೆ ಗಿಟ್ ಕೊಟ್ಟ ಗುರುತನ್ನು ವರದಿಯಲ್ಲಿ ಬರೆದರೆ ಪರಿಶೀಲಕರ ಅರ್ಧ ಕೆಲಸ ಮುಗಿದಂತೆ.

ಒಂದು ಕೋರಿಕೆಯಲ್ಲಿ (ಪುಲ್ ರಿಕ್ವೆಸ್ಟ್, ಅಂದರೆ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಮನವಿ) ಒಂದೇ ತಿದ್ದುಪಡಿ ಇರಲಿ. ಬೇರೊಂದು ಯೋಜನೆಗೆ ನಾನು ಮೂರು ಸಾಲಿನ ತಿದ್ದುಪಡಿ ಕಳಿಸುವಾಗ, ನನ್ನ ಎಡಿಟರ್ ಇಡೀ ಕಡತದ ಖಾಲಿ ಜಾಗಗಳನ್ನೂ (ಸ್ಪೇಸ್, ಟ್ಯಾಬ್) ಬದಲಿಸಿಬಿಟ್ಟಿತ್ತು. ಓದುವವರು ತಿದ್ದಿದ್ದೇನೆಂದು ಹುಡುಕಿ ಬೇಸತ್ತು ಹಿಂದಿರುಗಿಸಿದರು, ನ್ಯಾಯವಾಗಿಯೇ.

ಇನ್ನೊಂದು: ಆಟಗಾರರ ಗಣಕದಿಂದ ಬಂದ ಸಂಖ್ಯೆಯನ್ನು ಸರ್ವರ್ ನಂಬಬಾರದು. ಎಷ್ಟು ದೂರ ಜಿಗಿದ, ಎಷ್ಟು ವಸ್ತು ತೆಗೆದ ಎಂಬುದನ್ನು ಸರ್ವರ್ ಕಡೆಯಲ್ಲೇ ಪರೀಕ್ಷಿಸಿ. ವಾರಾಂತ್ಯದಲ್ಲಿ ಯಾರಾದರೂ ಜೊತೆಗೆ ಕುಳಿತು ಪರೀಕ್ಷಿಸುವುದಾದರೆ ತಿಳಿಸಿ, ಎರಡನೆಯ ಲ್ಯಾಪ್‌ಟಾಪ್ ನನ್ನ ಬಳಿ ಇದೆ.