ಕರಾವಳಿಯಿಂದ ಹಿಮಾಲಯಕ್ಕೆ ಹೊರಡುವವರ ಚೀಲ

ಉಡುಪಿಯವರಿಗೆ ಚಳಿಯೆಂದರೆ ಡಿಸೆಂಬರಿನ ಬೆಳಗಿನ ಜಾವ ಫ್ಯಾನ್ ಆರಿಸುವಷ್ಟೇ ಆದುದರಿಂದ, ಹಿಮಾಲಯದ ಚಾರಣಕ್ಕೆ ಹೊರಟಾಗ ಸಿಕ್ಕಿದ ದಪ್ಪ ಸ್ವೆಟರುಗಳನ್ನೆಲ್ಲ ಚೀಲಕ್ಕೆ ತುರುಕುವುದು ಸಹಜ. ಆದರೆ ಪ್ರತಿ 1,000 ಮೀಟರ್ ಏರಿಕೆಗೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವ ಪರ್ವತದಲ್ಲಿ, ಒಂದೇ ದಪ್ಪ ಉಡುಪಿಗಿಂತ ಬೇಕೆಂದಾಗ ಕಳಚಬಹುದಾದ ಪದರಗಳೇ ಮೇಲು.

ಮೈಗೆ ತಾಗುವ ಪದರವು ಮೆರಿನೊ ಕುರಿಯ ನವಿರು ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಆಗಿರಲಿ. ಹತ್ತಿಯ ಬನಿಯನ್ ನಮ್ಮ ಸೆಕೆಗೆ ಎಷ್ಟೇ ಹಿತವಾದರೂ, ಅಲ್ಲಿ ಬೆವರನ್ನು ಹೀರಿ ಒಣಗದೆ ಉಳಿದು, ನಡಿಗೆ ನಿಲ್ಲಿಸಿದೊಡನೆ ಮೈಯ ಶಾಖವನ್ನು ಕಸಿಯುತ್ತದೆ. ಅದರ ಮೇಲೆ ಫ್ಲೀಸ್ ಎಂಬ ಹಗುರ, ಬೆಚ್ಚನೆಯ ಬಟ್ಟೆಯ ಪದರ, ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್, ಶಿಬಿರದ ಸಂಜೆಗೆ ಹಕ್ಕಿಯ ಮೃದು ಪುಕ್ಕ ತುಂಬಿದ ಡೌನ್ ಜಾಕೆಟ್. ಮಳೆಗಾಲದಲ್ಲಿ ಸ್ಕೂಟರಿನ ಮೇಲೆ ತೊಡುವ ರೈನ್‌ಕೋಟು ಬೆವರಿನ ಆವಿಯನ್ನು ಹೊರಬಿಡದ ಕಾರಣ, ಏರುಹಾದಿಯಲ್ಲಿ ಅದರೊಳಗೇ ತೊಯ್ದುಹೋಗುತ್ತೀರಿ.

ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ಎರಡು ಮಳೆಗಾಲ ಅಟ್ಟದಲ್ಲಿ ಕಳೆದ ನನ್ನ ಬೂಟಿನ ಅಟ್ಟೆ, ಮಲ್ಪೆಯ ಮರಳಿನ ಮೇಲೆ ಅಭ್ಯಾಸಕ್ಕೆಂದು ನಡೆಯುವಾಗಲೇ ಪುಡಿಪುಡಿಯಾಗಿ ಬಾಯಿಬಿಟ್ಟಿತು; ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯು ತೇವದ ಗಾಳಿಯಲ್ಲಿ, ಬಳಸದಿದ್ದರೂ, ಒಳಗಿಂದೊಳಗೆ ಶಿಥಿಲವಾಗುತ್ತದೆ. ಹಳೆಯದಾದರೆ ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿ. ಹೊಸದಾದರೆ ಕೆಲವು ವಾರ ಮೊದಲೇ, ಚಾರಣಕ್ಕೆ ಒಯ್ಯುವ ಕಾಲುಚೀಲದೊಂದಿಗೇ ತೊಟ್ಟು, ಮೆಟ್ಟಿಲು ಹತ್ತಿ ಇಳಿದು ಪಳಗಿಸಿ.

ಟೊಪ್ಪಿ, ಕೈಗವಸು, ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಮರೆಯುವಂತಿಲ್ಲ. ಹಿಮದ ಪ್ರತಿಫಲನದಿಂದ ಕಣ್ಣು ನೋಯುವುದರಿಂದ ನೇರಳಾತೀತ ಕಿರಣ ತಡೆಯುವ ಕನ್ನಡಕವೂ ಬೇಕು. ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ. ರಾತ್ರಿ ಅದನ್ನು ಮಲಗುಚೀಲದೊಳಗೇ ಇಟ್ಟುಕೊಳ್ಳಿ.