ಬಿಪಿ ಸರಿ ಇದೆ ಅಂತ ಸುಮ್ನಾಗಬೇಡಿ

ಆಕ್ಸಿಡೆಂಟ್ ಆಗಿ ಬಂದವರ ಮೇಲಿನ ಬಿಪಿ (ಎರಡು ಅಂಕಿಗಳಲ್ಲಿ ದೊಡ್ಡದು) 110 ಇದೆ ಅಂದ ತಕ್ಷಣ ನಿರಾಳ ಆಗಬೇಡಿ. ಗಟ್ಟಿಮುಟ್ಟಾದ ಹುಡುಗರಲ್ಲಿ ಸುಮಾರು 30% ರಕ್ತ ಹೋಗುವವರೆಗೂ ಅದು ಇಳಿಯದೇ ಇರಬಹುದು. ಹೊರಗೆ ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಿರಿ, ಆಮೇಲೆ ಕೈ ಮುಟ್ಟಿ ನೋಡಿ. ತಣ್ಣಗೆ, ಬೆವರಿ ಜಿಗುಟಾಗಿದೆಯಾ? ಬೆರಳ ತುದಿಯನ್ನು 5 ಸೆಕೆಂಡ್ ಒತ್ತಿ ಬಿಡಿ, ಬಣ್ಣ ಮರಳಲು 2 ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ರಕ್ತ ಹೆಚ್ಚು ಹೋಗಿರಬಹುದು ಅಂತ ಅನುಮಾನಪಡಿ (ಮಳೆಯಲ್ಲಿ ನೆನೆದು ಬಂದವರಲ್ಲಿ ಇದೊಂದನ್ನೇ ನಂಬಬೇಡಿ). ನಾಡಿಬಡಿತವನ್ನು ಮೇಲಿನ ಬಿಪಿಯಿಂದ ಭಾಗಿಸಿ. 120 ಬಡಿತಕ್ಕೆ 110 ಬಿಪಿ ಅಂದರೆ 1.09. 0.9 ದಾಟಿದರೇ ಎಚ್ಚರ ಬೇಕು. ಬೀಟಾ ಬ್ಲಾಕರ್ (ಹೃದಯ ಬಡಿತ ಇಳಿಸುವ ಮಾತ್ರೆ) ತಗೊಳ್ಳುವವರಲ್ಲಿ ನಾಡಿ ಏರದೇ ಇರಬಹುದು, ಮನೆಯವರ ಹತ್ತಿರ ಮಾತ್ರೆ ಚೀಟಿ ಕೇಳಿ. ಚಡಪಡಿಸುವವರನ್ನು ಗದರಬೇಡಿ, ಮಿದುಳಿಗೆ ರಕ್ತ ಸಾಲದೆಯೂ ಹಾಗಾಗುತ್ತದೆ. ಗಾಯ ಕಾಣದಿದ್ದರೆ ರಕ್ತ ಒಳಗೇ ಸೋರುತ್ತಿರಬಹುದು, ಎದೆ, ಹೊಟ್ಟೆ, ಸೊಂಟದ ಮೂಳೆ, ತೊಡೆ ನೋಡಿ. ಫಾಸ್ಟ್ ಸ್ಕ್ಯಾನ್ (ಒಳಗೆ ರಕ್ತ ಸೋರಿದೆಯಾ ಅಂತ ನೋಡುವ ಅಲ್ಟ್ರಾಸೌಂಡ್) ಹಾಸಿಗೆ ಪಕ್ಕದಲ್ಲೇ ಆಗುತ್ತದೆ, ಅಲ್ವಾ? ಆದರೆ ಅದು ಸರಿ ಬಂದರೂ ಮತ್ತೆ ಮತ್ತೆ ನೋಡುತ್ತಿರಿ.