ಗಂಟೆಗೆ ಎಷ್ಟು ಅಲ್ಲ, ಎಕರೆಗೆ ಎಷ್ಟು: ಜೀರೋ ಟರ್ನ್ ಮೋವರ್‌ನ ಇಂಧನ ಲೆಕ್ಕ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯ ಆಸುಪಾಸಿನ ಒಂದು ದೊಡ್ಡ ಆವರಣದ ಹುಲ್ಲುಹಾಸು, ಆಟದ ಮೈದಾನ ಮತ್ತು ರಸ್ತೆಬದಿಯ ಹಸಿರು ಪಟ್ಟಿಗಳ ನಿರ್ವಹಣೆಯ ಗುತ್ತಿಗೆ ನನ್ನದು. ಕತ್ತರಿಸಬೇಕಾದ ಜಾಗ ಸುಮಾರು 18 ಎಕರೆ. ಮೊದಲು ಇದನ್ನೆಲ್ಲ ಹೆಗಲಿಗೆ ನೇತುಹಾಕಿಕೊಳ್ಳುವ ಬ್ರಷ್ ಕಟರ್‌ಗಳಲ್ಲಿ ಮತ್ತು ತಳ್ಳುವ ಯಂತ್ರಗಳಲ್ಲಿ ಮಾಡಿಸುತ್ತಿದ್ದೆವು. ಆಳುಗಳು ಸಿಗುವುದು ಕಷ್ಟವಾದ ಮೇಲೆ ಕೂತು ಓಡಿಸುವ, ನಿಂತಲ್ಲೇ ತಿರುಗಬಲ್ಲ ಹುಲ್ಲು ಕತ್ತರಿಸುವ ಯಂತ್ರ, ಜೀರೋ ಟರ್ನ್ ಮೋವರ್ ಬಂತು. 60 ಇಂಚು ಅಗಲದ ಡೆಕ್ (ಬ್ಲೇಡುಗಳನ್ನು ಮುಚ್ಚುವ ತಗಡಿನ ಕವಚ), ಅದರಡಿಯಲ್ಲಿ ಮೂರು ಬ್ಲೇಡು, 27 ಅಶ್ವಶಕ್ತಿಯ ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಹಿಂದಿನ ಎರಡು ಚಕ್ರಗಳಿಗೆ ಎರಡು ಪ್ರತ್ಯೇಕ ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ) ಪಂಪು ಮತ್ತು ಮೋಟಾರು. ಸ್ಟೇರಿಂಗ್ ಇಲ್ಲ, ಎರಡು ಕೈಯ ಎರಡು ಲಿವರ್‌ಗಳಲ್ಲೇ ಓಟ, ತಿರುವು, ನಿಲುಗಡೆ ಎಲ್ಲವೂ.

ಯಂತ್ರ ಬಂದ ಕೂಡಲೇ ಲೆಕ್ಕಪತ್ರದ ಕಚೇರಿಯಿಂದ ಕೇಳಿದ ಮೊದಲ ಪ್ರಶ್ನೆ, ‘ಇದರ ಮೈಲೇಜ್ ಎಷ್ಟು?’ ಜೀಪು, ಟೆಂಪೋಗಳಿಗೆ ಇಡುವಂಥ ಲಾಗ್ ಪುಸ್ತಕವನ್ನೇ ಇದಕ್ಕೂ ಕೊಟ್ಟಿದ್ದರು. ಆದರೆ ಈ ಯಂತ್ರಕ್ಕೆ ಕಿಲೋಮೀಟರ್ ಮೀಟರೇ ಇಲ್ಲ, ಗಂಟೆಯ ಮೀಟರ್ ಮಾತ್ರ ಇದೆ. ಮಾರಾಟಗಾರರು ಕೊಡುವ ಅಂಕಿಯೂ ಗಂಟೆಗೆ ಇಷ್ಟು ಗ್ಯಾಲನ್ ಎಂದೇ ಇರುತ್ತದೆ. ಅದು ಅಮೆರಿಕದ ಗ್ಯಾಲನ್, ಅಂದರೆ 3.785 ಲೀಟರ್. ನಮ್ಮಲ್ಲಿ ಹಳಬರಿಗೆ ಗೊತ್ತಿರುವುದು 4.546 ಲೀಟರಿನ ಬ್ರಿಟಿಷ್ ಗ್ಯಾಲನ್ ಆದ್ದರಿಂದ ಲೆಕ್ಕ ಮೊದಲ ಸಾಲಿನಲ್ಲೇ ದಾರಿ ತಪ್ಪುವ ಸಂಭವವಿದೆ.

ಹಾಗಾಗಿ ನಾನೇ ಅಳೆಯಲು ನಿಶ್ಚಯಿಸಿದೆ. ವಿಧಾನ ಸರಳ. ಯಂತ್ರವನ್ನು ಷೆಡ್ಡಿನ ಸಮತಟ್ಟಾದ ಕಾಂಕ್ರೀಟಿನ ಮೇಲೆ ಪ್ರತಿಸಲವೂ ಒಂದೇ ಜಾಗದಲ್ಲಿ ನಿಲ್ಲಿಸಿ, ಟ್ಯಾಂಕಿನ ಕತ್ತಿನೊಳಗೆ ಮಾಡಿಕೊಂಡ ಗುರುತಿನವರೆಗೆ ಪೆಟ್ರೋಲ್ ತುಂಬಿಸಿ, ಕೆಲಸ ಮುಗಿದು ಬಂದ ಮೇಲೆ ಅದೇ ಗುರುತಿಗೆ ಅಳತೆಯ ಕ್ಯಾನಿನಿಂದ ಮತ್ತೆ ತುಂಬಿಸಿದರೆ ಹೋದದ್ದೆಷ್ಟು ಎಂದು ತಿಳಿಯುತ್ತದೆ. ನೆಲ ಸ್ವಲ್ಪ ಓರೆಯಾಗಿದ್ದರೂ ಅರ್ಧ ಲೀಟರಿನ ವ್ಯತ್ಯಾಸ ಬರುವುದರಿಂದ ಜಾಗ ಬದಲಿಸಬಾರದು. ಇದರ ಪಕ್ಕದಲ್ಲಿ ಮೀಟರಿನ ಗಂಟೆಯನ್ನೂ ಅಂದು ಕತ್ತರಿಸಿದ ತುಂಡು ಜಾಗದ ವಿಸ್ತೀರ್ಣವನ್ನೂ ಬರೆಯಬೇಕು. ಮೂರನೆಯ ಕಾಲಮ್ಮು ಇಲ್ಲದಿದ್ದರೆ ಮೊದಲೆರಡಕ್ಕೆ ಬೆಲೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಎಂಬುದನ್ನು ಅಂಕಿಗಳೇ ಹೇಳುತ್ತವೆ.

ಜನವರಿಯಿಂದ ಏಪ್ರಿಲ್‌ವರೆಗಿನ ಒಣಗಾಲದಲ್ಲಿ ನಮ್ಮ ಯಂತ್ರ ಗಂಟೆಗೆ ನಾಲ್ಕೂವರೆ ಲೀಟರಿನ ಆಸುಪಾಸು ಕುಡಿಯುತ್ತದೆ, ಜೋರು ಮಳೆಗಾಲದಲ್ಲಿ ಆರು ಲೀಟರ್. ಗಂಟೆಯ ಲೆಕ್ಕದಲ್ಲಿ ನೋಡಿದರೆ ಮೂರನೆಯ ಒಂದು ಪಾಲಿನಷ್ಟು ಏರಿಕೆ, ಅಷ್ಟೆ. ಎಕರೆಯ ಲೆಕ್ಕ ಹಾಗಿಲ್ಲ. 60 ಇಂಚು ಎಂದರೆ 1.52 ಮೀಟರ್, ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋದರೆ ಕಾಗದದ ಮೇಲೆ ಮೂರು ಎಕರೆ ಆಗಬೇಕು, ತಿರುವು ಮತ್ತು ಸಾಲು ಮೇಲೆ ಸಾಲು ಬೀಳುವುದನ್ನು ಕಳೆದರೆ ಎರಡೂವರೆ ಎಕರೆಗೆ ಸ್ವಲ್ಪ ಕಡಿಮೆ ಸಿಗುತ್ತದೆ. ಅಂದರೆ ಬೇಸಿಗೆಯಲ್ಲಿ ಎಕರೆಗೆ ಎರಡು ಲೀಟರಿಗಿಂತ ಕಡಿಮೆ. ಮಳೆಗಾಲದ ಒದ್ದೆ ಹುಲ್ಲಿನಲ್ಲಿ ಐದು ಕಿಲೋಮೀಟರ್ ವೇಗಕ್ಕಿಂತ ಮೇಲೆ ಹೋದರೆ ಕತ್ತರಿಸದೆ ಬಾಗಿಸಿಬಿಡುವುದರಿಂದ ಗಂಟೆಗೆ ಹೆಚ್ಚೆಂದರೆ ಒಂದೂವರೆ ಎಕರೆ ಆಗುತ್ತದೆ, ಎಕರೆಗೆ ನಾಲ್ಕು ಲೀಟರಿಗೂ ಮೇಲೆ ಖರ್ಚು ಬೀಳುತ್ತದೆ. ಅದೇ ಯಂತ್ರ, ಅದೇ ಆಪರೇಟರ್, ಅದೇ ಮೈದಾನ. ಖರ್ಚು ಮಾತ್ರ ಎರಡು ಪಟ್ಟಿಗಿಂತ ಹೆಚ್ಚು.

ಗಂಟೆಯ ಲೆಕ್ಕ ಅಷ್ಟಾಗಿ ಅಲುಗಾಡದಿರಲು ಕಾರಣ ಯಂತ್ರದ ಒಳಗೇ ಇದೆ. ಇಂಥ ಎಂಜಿನ್ನುಗಳನ್ನು ಗವರ್ನರ್ ಎಂಬ ವೇಗ ನಿಯಂತ್ರಕ ನಿಮಿಷಕ್ಕೆ ಸುಮಾರು 3,600 ಸುತ್ತಿನಲ್ಲಿ ಹಿಡಿದಿಡುತ್ತದೆ. ಮೂರು ಬ್ಲೇಡುಗಳು ಕತ್ತಿಯ ಕೆಲಸದ ಜೊತೆಗೆ ಫ್ಯಾನಿನ ಕೆಲಸವನ್ನೂ ಮಾಡುತ್ತವೆ. ಮಲಗಿದ ಹುಲ್ಲನ್ನು ಗಾಳಿಯಿಂದ ಎಬ್ಬಿಸಿ ನಿಲ್ಲಿಸಿ, ಕತ್ತರಿಸಿ, ಪಕ್ಕಕ್ಕೆ ಎಸೆಯುತ್ತವೆ. ಹುಲ್ಲೇ ಇಲ್ಲದ ಕಡೆ ಓಡಿಸಿದರೂ ಈ ಗಾಳಿಯ ಕೆಲಸ ನಡೆದೇ ಇರುತ್ತದೆ. ಫ್ಯಾನಿಗೆ ಬೇಕಾದ ಶಕ್ತಿ ಸುತ್ತಿನ ಘನದ ಪ್ರಮಾಣದಲ್ಲಿ ಬದಲಾಗುವುದರಿಂದ ಸುತ್ತನ್ನು ಶೇ. 10ರಷ್ಟು ಇಳಿಸಿದರೆ ಗಾಳಿಗೆ ಹೋಗುವ ಶಕ್ತಿ ಶೇ. 27ರಷ್ಟು ಇಳಿಯುತ್ತದೆ.

ನಮ್ಮ ಆಪರೇಟರ್ ಈ ಸೂತ್ರವನ್ನು ಓದದೆಯೇ ಕಂಡುಕೊಂಡಿದ್ದ. ‘ಸರ್, ರೇಸ್ ಕಮ್ಮಿ ಮಾಡಿದ್ರೆ ಪೆಟ್ರೋಲ್ ಉಳಿಯುದಿಲ್ವಾ?’ ಎಂದು ಕೇಳಿದ. ಗಂಟೆಗೆ ಉಳಿಯುವುದು ನಿಜ, ನಾವು ಅಳೆದೂ ನೋಡಿದೆವು. ಆದರೆ ರೇಸ್ ಇಳಿಸಿದರೆ ಹೈಡ್ರೋ ಪಂಪು ನಿಧಾನವಾಗಿ ಓಟವೂ ಕುಂಟುತ್ತದೆ, ಗಾಳಿಯಿಂದ ತಣಿಯುವ ಎಂಜಿನ್ನಿಗೆ ಗಾಳಿ ಕಡಿಮೆಯಾಗುತ್ತದೆ, ಹುಲ್ಲಿನ ತುದಿ ಹರಿದಂತಾಗಿ ಎರಡು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಟ್ಟುಹೋದ ಗೆರೆಗಳಿಗೆ ಇನ್ನೊಂದು ಸುತ್ತು ಬೇಕಾದರೆ ಉಳಿದದ್ದೆಲ್ಲ ಅಲ್ಲೇ ಹೋಯಿತು. ಆದ್ದರಿಂದ ನಮ್ಮಲ್ಲಿ ಬ್ಲೇಡು ತಿರುಗುವಾಗ ರೇಸ್ ಪೂರ್ತಿ, ಷೆಡ್ಡಿನಿಂದ ಮೈದಾನಕ್ಕೆ ಹೋಗಿಬರುವಾಗ ಬ್ಲೇಡು ಬಂದ್ ಮತ್ತು ಅರ್ಧ ರೇಸ್. ಗಾಳಿಯ ಶಕ್ತಿಯನ್ನು ನಿಜವಾಗಿ ಉಳಿಸಬೇಕೆಂದರೆ ಒಣಗಾಲದಲ್ಲಿ, ಗಾಳಿ ಎಬ್ಬಿಸುವ ಹಿಂಬದಿಯ ರೆಕ್ಕೆ ಕಡಿಮೆ ಎತ್ತಿದ ಬ್ಲೇಡು ಹಾಕಬೇಕು. ತೆಳು ಹುಲ್ಲಿಗೆ ಅದು ಸಾಕು. ಕೆಂಪು ಧೂಳೂ ಕಡಿಮೆ ಏಳುತ್ತದೆ, ಏರ್ ಫಿಲ್ಟರಿಗೂ ಆಯುಷ್ಯ ಹೆಚ್ಚು.

ಮಳೆಗಾಲದ ವಿಚಾರವೇ ಬೇರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುವ ಊರಿದು. ಆಟಿಯ (ತುಳು ತಿಂಗಳು, ಜುಲೈ–ಆಗಸ್ಟ್) ದಿನಗಳಲ್ಲಿ ಹುಲ್ಲು ಬೆಳೆಯುವ ವೇಗಕ್ಕೆ ಲಗಾಮಿಲ್ಲ. ಖರ್ಚು ತಗ್ಗಿಸಲು ಸುತ್ತುಗಳನ್ನು ಕಡಿಮೆ ಮಾಡಿ, ಆರು ದಿನಕ್ಕೊಮ್ಮೆ ಕತ್ತರಿಸುವ ಬದಲು ಹತ್ತು ದಿನಕ್ಕೊಮ್ಮೆ ಸಾಕು ಎಂಬ ಸಲಹೆ ಕಚೇರಿಯಿಂದ ಬಂದಿತ್ತು. ಲೆಕ್ಕ ಹಾಕಿ ತೋರಿಸಿದೆ. ಆರು ದಿನದ ಹುಲ್ಲಿಗೆ ಎಕರೆಗೆ ನಾಲ್ಕೂ ಕಾಲು ಲೀಟರಿನಂತೆ ತಿಂಗಳಿಗೆ ಐದು ಸುತ್ತು, ಅಂದರೆ ಇಪ್ಪತ್ತೊಂದು ಲೀಟರಿನಷ್ಟು. ಹತ್ತು ದಿನದ ಹುಲ್ಲನ್ನು ಒಂದೇ ಸಲ ಬೇಕಾದ ಎತ್ತರಕ್ಕೆ ಇಳಿಸಲಾಗುವುದಿಲ್ಲ. ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬ ನಿಯಮವನ್ನು ಬದಿಗಿಟ್ಟರೂ ಡೆಕ್ ಅಷ್ಟನ್ನು ಹೊರಹಾಕುವುದಿಲ್ಲ. ಮೊದಲು ಡೆಕ್ ಎತ್ತರಿಸಿ ಒಂದು ಸಲ, ಇಳಿಸಿ ಇನ್ನೊಂದು ಸಲ ಓಡಿಸಬೇಕು, ಎಕರೆಗೆ ಏಳು ಲೀಟರ್ ಹೋಗುತ್ತದೆ. ಮೂರು ಸುತ್ತಿಗೆ ಮತ್ತೆ ಅದೇ ಇಪ್ಪತ್ತೊಂದು. ಮೇಲಿಂದ ಮೈದಾನದ ತುಂಬ ಒದ್ದೆ ಹುಲ್ಲಿನ ಗುಪ್ಪೆಗಳು, ಅದನ್ನು ಹರಡಲು ಎರಡು ಆಳು. ಈ ಕಾಗದ ನೋಡಿದ ಮೇಲೆ ಸಲಹೆ ಹಿಂದಕ್ಕೆ ಹೋಯಿತು.

ಮಳೆಗಾಲದಲ್ಲಿ ಡೆಕ್ಕಿನ ತಳವನ್ನು ಒಮ್ಮೆ ಬಗ್ಗಿ ನೋಡಬೇಕು. ಅಗಲ ಎಲೆಯ ಕಾರ್ಪೆಟ್ ಹುಲ್ಲು ಬೆಳೆದ ಪಟ್ಟಿಗಳನ್ನು ಕತ್ತರಿಸಿ ಬಂದರೆ ತಗಡಿನ ಒಳಮೈಗೆ ಎರಡು ಬೆರಳು ದಪ್ಪದ ಹಸಿರು ಗಾರೆ ಮೆತ್ತಿಕೊಂಡಿರುತ್ತದೆ. ಬ್ಲೇಡಿನ ತುದಿ ಅದನ್ನು ಉಜ್ಜುತ್ತಲೇ ತಿರುಗುವುದರಿಂದ ಅದರ ಮೇಲ್ಮೈ ನುಣ್ಣಗೆ ಹೊಳೆಯುತ್ತಿರುತ್ತದೆ. ಆ ಹೊಳಪೆಲ್ಲ ಪೆಟ್ರೋಲಿನದು. ಗಾಳಿ ಹರಿಯಬೇಕಾದ ಜಾಗ ಮುಚ್ಚಿಹೋಗುವುದರಿಂದ ಹುಲ್ಲು ಹೊರಬೀಳದೆ ಒಳಗೇ ಸುತ್ತಿ, ಒಂದೇ ಎಲೆ ನಾಲ್ಕಾರು ಸಲ ಕತ್ತರಿಸಲ್ಪಡುತ್ತದೆ. ನಾವು ಎಂಜಿನ್ ಬಂದ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ವಯರುಗಳನ್ನು ಕಿತ್ತು, ಡೆಕ್ಕಿಗೆ ಆಧಾರ ಕೊಟ್ಟು, ಗಾರೆ ಕೆಲಸದವರ ಕರಣೆಯಿಂದ ದಿನವೂ ಕೆರೆಯುತ್ತೇವೆ. ಮರುದಿನಕ್ಕೆ ಬಿಟ್ಟರೆ ಅದು ಒಣಗಿ ಕರಣೆಗೂ ಬಗ್ಗುವುದಿಲ್ಲ. ಕೆರೆದ ಡೆಕ್ಕಿಗೂ ಕೆರೆಯದ ಡೆಕ್ಕಿಗೂ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚಿನ ವ್ಯತ್ಯಾಸವನ್ನು ನಾನು ಕಂಡಿದ್ದೇನೆ.

ಬ್ಲೇಡಿನ ಬಾಯಿಗೆ ನಮ್ಮ ನೆಲ ದೊಡ್ಡ ಶತ್ರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಹರಳು ಮಳೆಗೆ ಮೇಲೆದ್ದು ಬಂದಿರುತ್ತದೆ. ಸಾಣೆ ಹಿಡಿಸುವುದರ ಬಗ್ಗೆ ಕೈಪಿಡಿ ಏನೇ ಹೇಳಲಿ, ನಾವು ಬ್ಲೇಡುಗಳ ಎರಡು ಜೊತೆ ಇಟ್ಟುಕೊಂಡು ಒಂದನ್ನು ಸಾಣೆಗೆ ಕೊಟ್ಟಾಗ ಇನ್ನೊಂದನ್ನು ಬಳಸುತ್ತೇವೆ. ಸಾಲುಗಳ ವಿಷಯದಲ್ಲೂ ಒಂದು ಮಾತು: ಒಂದರ ಮೇಲೊಂದು ಹತ್ತು ಸೆಂಟಿಮೀಟರ್ ಬಿದ್ದರೆ ಸಾಕಾಗುವಲ್ಲಿ ಮೂವತ್ತು ಬೀಳಿಸಿದರೆ ಶೇ. 16ರಷ್ಟು ಹೆಚ್ಚು ಸಾಲು ಓಡಬೇಕಾಗುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಲೀಟರಿಗೆ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ 21; ಬೆರಕೆಯಲ್ಲಿ ಶೇ. 6–7ರಷ್ಟು ಕೊರತೆ ಬೀಳುತ್ತದೆ. ಇಂಥ ಎಂಜಿನ್ನುಗಳ ಕೈಪಿಡಿಗಳು ಸಾಮಾನ್ಯವಾಗಿ ಶೇ. 10ರ ಮಿತಿ ಹೇಳುತ್ತವೆ. ಕರಾವಳಿಯ ತೇವದಲ್ಲಿ ಎಥನಾಲ್ ನೀರು ಹೀರುವುದರಿಂದ ಪೆಟ್ರೋಲನ್ನು ವಾರಗಟ್ಟಲೆ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದೇವೆ. ಮಳೆ ಹಿಡಿದು ಕೆಲಸ ನಿಂತರೆ ಕಾರ್ಬ್ಯುರೇಟರ್ ಖಾಲಿ ಮಾಡಿಯೇ ನಿಲ್ಲಿಸುತ್ತೇವೆ.

ಹಾಗಾದರೆ ಡೀಸೆಲ್ ಯಂತ್ರ ಏಕಿಲ್ಲ ಎಂದು ಕೇಳುವವರಿದ್ದಾರೆ. ಇಂಧನದ ಲೆಕ್ಕದಲ್ಲಿ ಅದೇ ಮೇಲು. 25 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇದೇ ಕೆಲಸವನ್ನು ಗಂಟೆಗೆ ಮೂರೂವರೆ, ನಾಲ್ಕು ಲೀಟರಿನಲ್ಲಿ ಮಾಡಬಲ್ಲದು, ಲೀಟರಿನ ಬೆಲೆಯೂ ಕಡಿಮೆ. ಆದರೆ ಅದರ ತೂಕ ನೂರು, ನೂರೈವತ್ತು ಕಿಲೋ ಹೆಚ್ಚು, ಮತ್ತು ನಮ್ಮ ಗಂಟೆಗಳಲ್ಲಿ ಹೆಚ್ಚಿನವು ಬರುವುದು ನೆಲ ಕೆಸರಾಗಿರುವ ತಿಂಗಳುಗಳಲ್ಲೇ. ಮೈದಾನದಲ್ಲಿ ಚಕ್ರದ ಗಾಡಿಜಾಡು ಬಿದ್ದರೆ ಅದನ್ನು ಮಣ್ಣು ತುಂಬಿಸಿ ಸರಿಪಡಿಸುವ ಖರ್ಚು ಗುತ್ತಿಗೆದಾರನ ಹೆಗಲಿಗೇ ಬರುತ್ತದೆ. ನೀರು ಬೇಗ ಬಸಿಯುವ ಮರಳು ನೆಲದ ಮೈದಾನವುಳ್ಳವರು, ವರ್ಷಕ್ಕೆ ಏಳೆಂಟು ನೂರು ಗಂಟೆ ಓಡಿಸುವವರು ಡೀಸೆಲನ್ನು ಧಾರಾಳವಾಗಿ ಕೊಳ್ಳಬಹುದು. ನಮ್ಮ ಕೆಂಪು ಮಣ್ಣಿಗೂ ನಮ್ಮ ಗಂಟೆಗಳಿಗೂ ಸದ್ಯ ಪೆಟ್ರೋಲ್ ಯಂತ್ರವೇ ಸಾಕು.